ಮುನ್ನೂರು ಡಾಲರ್ ಒಳಗಿನ ಕಾಂಪ್ಯಾಕ್ಟ್ 9 ಎಂಎಂ ಪಿಸ್ತೂಲು ಪದೇ ಪದೇ ಜಾಮ್ ಆಗುತ್ತಿದೆ, ಇದನ್ನು ನಂಬಿ ಕ್ಯಾರಿ ಮಾಡಬಹುದಾ (ಮೈಮೇಲೆ ಇಟ್ಟುಕೊಂಡು ಓಡಾಡಬಹುದಾ)?

ಕೇಟಿ ಕಿರಾಣಿ

ಎಲ್ಲರಿಗೂ ನಮಸ್ಕಾರ. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮದೊಂದು ಸಣ್ಣ ಇಂಡಿಯನ್ ಗ್ರೋಸರಿ ಅಂಗಡಿ ಇದೆ. ರಾತ್ರಿ ಶಟರ್ ಎಳೆದು, ದಿನದ ಕಲೆಕ್ಷನ್ ಹಿಡಿದುಕೊಂಡು ನಾನು ಮತ್ತು ನನ್ನ ಹೆಂಡತಿ ಕಾರಿನ ತನಕ ನಡೆಯಬೇಕು. ಪಾರ್ಕಿಂಗ್‌ನಲ್ಲಿ ಬೆಳಕು ಕಡಿಮೆ. ಯೋಚನೆ ಮಾಡಿಯೇ ಇಬ್ಬರೂ ಪಿಸ್ತೂಲು ಜೊತೆಗಿಟ್ಟುಕೊಳ್ಳುವ ಪರವಾನಗಿ, ಲೈಸನ್ಸ್ ಟು ಕ್ಯಾರಿ, ಮಾಡಿಸಿದೆವು. ಇಬ್ಬರೂ ಸಿಟಿಜನ್.

ಕೊಂಡಿದ್ದು ಮುನ್ನೂರು ಡಾಲರ್ ಒಳಗಿನ ಕಾಂಪ್ಯಾಕ್ಟ್ 9 ಎಂಎಂ. ಹೊಸದು. ಪಾಲಿಮರ್ ಫ್ರೇಮ್ (ಪ್ಲಾಸ್ಟಿಕ್ ಮೈ), ಸ್ಟ್ರೈಕರ್ (ತೋಟಾಗೆ ಏಟು ಕೊಡುವ ಒಳಗಿನ ಮೊಳೆ) ಇರುವಂಥದ್ದು, ಜೊತೆಗೆ ತೋಟಾ ತುಂಬುವ ಎರಡು ಮ್ಯಾಗಜೀನ್. ಕಂಪನಿ ಹೆಸರು ಈಗ ಬೇಡ, ತೊಂದರೆ ಎಲ್ಲಿದೆ ಅಂತ ಮೊದಲು ಗೊತ್ತಾಗಲಿ.

ರೇಂಜ್‌ನಲ್ಲಿ ಆಗುತ್ತಿರುವುದು ಹೀಗೆ. ಕೆಲವು ಸಲ ಮುಂದಿನ ತೋಟಾ ನಳಿಗೆಯ ಹಿಂತುದಿಯ ಗೂಡಾದ ಚೇಂಬರ್‌ಗೆ ಹೋಗದೆ ಮೂತಿ ಕೆಳಗೆ ಮಾಡಿ ನಿಂತುಬಿಡುತ್ತದೆ. ಕೆಲವು ಸಲ ಖಾಲಿ ಕೇಸ್ (ಹಾರಿದ ತೋಟಾದ ಲೋಹದ ಕವಚ) ಹೊರಗೆ ಹಾರದೆ ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮಧ್ಯೆ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಕೆಲವು ಸಲ ಟ್ರಿಗರ್ ಒತ್ತಿದರೆ ಟಿಕ್ ಅಂತ ಸದ್ದು ಅಷ್ಟೇ, ಗುಂಡು ಹಾರುವುದಿಲ್ಲ. ಪಿಸ್ತೂಲು ಮಾರಿದ ಅಂಗಡಿಯವರು 'ಹೊಸದು, ಪಳಗಬೇಕು' ಅನ್ನುತ್ತಾರೆ. ಪಳಗುವ ತನಕ ಇದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಲೇ? ಮಾರಿಬಿಡಲೇ?

ಮಡಿಕೇರಿ ಮೂಲ

ಸರ್, ಸರಿ ಆಗುವ ತನಕ ಕ್ಯಾರಿ ಮಾಡಬೇಡಿ. ಮಾರಲೂ ಬೇಡಿ.

ನಾನು ಕೋವಿ ಇದ್ದ ಮನೆಯಲ್ಲಿ ಹುಟ್ಟಿದವನು. ಕೈಲ್‌ಪೊಳ್ದಿಗೆ (ಕೊಡಗಿನ ಆಯುಧಪೂಜೆ ಹಬ್ಬ) ಕೋವಿ ತೊಳೆದು, ಎಣ್ಣೆ ಹಚ್ಚಿ, ಪೂಜೆಗೆ ಇಡುವುದು ನೋಡಿಕೊಂಡೇ ಬೆಳೆದೆ. ಈಗ ಇಲ್ಲಿ ನಾರ್ತ್ ಕೆರೊಲಿನಾದಲ್ಲಿ ವಾರಾಂತ್ಯಕ್ಕೆ ರೇಂಜ್‌ನಲ್ಲಿ ಹೊಸಬರಿಗೆ ಕಲಿಸುತ್ತೇನೆ. ನೀವು ಬರೆದಿರುವ ಮೂರೂ ಬೇರೆ ಬೇರೆ ತೊಂದರೆ. ಎಲ್ಲವನ್ನೂ ಸೇರಿಸಿ 'ಜಾಮ್' ಅಂದುಬಿಟ್ಟರೆ ಪರಿಹಾರ ಸಿಗುವುದಿಲ್ಲ.

ಮೂತಿ ಕೆಳಗಾಗುವುದಕ್ಕೆ ಮೊದಲ ಅನುಮಾನ ಮ್ಯಾಗಜೀನ್ ಮೇಲೆ. ಸಣ್ಣ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಹಿಂದೆ ಹೋಗುವ ದೂರ ಕಡಿಮೆ, ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಗಟ್ಟಿ. ಸ್ಲೈಡ್ ಬಹಳ ಬೇಗ ಹೋಗಿ ಬಂದುಬಿಡುತ್ತದೆ. ಅಷ್ಟರೊಳಗೆ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ತಂದು ನಿಲ್ಲಿಸಬೇಕು. ಸ್ಪ್ರಿಂಗ್ ಸ್ವಲ್ಪ ಸಡಿಲವಾದರೂ, ಮ್ಯಾಗಜೀನ್ ತುಟಿ ಕೂದಲೆಳೆಯಷ್ಟು ಬಾಗಿದರೂ ತೋಟಾ ಹೋಗಿ ಚೇಂಬರ್ ಬಾಯಿಯ ಇಳಿಜಾರಾದ ಫೀಡ್ ರ‍್ಯಾಂಪ್‌ಗೆ ಗುದ್ದುತ್ತದೆ. ಇದೇ ದೋಷವನ್ನು ದೊಡ್ಡ ಪಿಸ್ತೂಲು ಎಷ್ಟೋ ಸಲ ಸಹಿಸಿಕೊಳ್ಳುತ್ತದೆ. ಸಣ್ಣದು ಸಹಿಸುವುದಿಲ್ಲ. ಬೆಲೆ ಜಾಸ್ತಿ ಇರುವ ಸಣ್ಣ ಪಿಸ್ತೂಲಿಗೂ ಇದೇ ಕಷ್ಟ. ಅದಕ್ಕೇ ಅಗ್ಗದ್ದು ಅಂತ ಈಗಲೇ ತೀರ್ಮಾನ ಮಾಡಬೇಡಿ.

ಎರಡೂ ಮ್ಯಾಗಜೀನ್ ತಳದಲ್ಲಿ ಪೇಂಟ್ ಪೆನ್‌ನಿಂದ 1, 2 ಅಂತ ಬರೆಯಿರಿ. ತೊಂದರೆ ಆದಾಗಲೆಲ್ಲ ಯಾವ ಮ್ಯಾಗಜೀನ್, ಎಷ್ಟನೇ ತೋಟಾ, ಯಾವ ಡಬ್ಬಿಯದು, ಹಾರಿಸುತ್ತಿದ್ದವರು ಯಾರು ಅಂತ ಅಲ್ಲೇ ಗುರುತು ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮ್ಯಾಗಜೀನ್, ತೋಟಾ, ಎಣ್ಣೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಏನು ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಕೇಸ್ ನೆಟ್ಟಗೆ ಸಿಕ್ಕಿಕೊಳ್ಳುವುದಕ್ಕೆ ಕಾರಣ ಸ್ಲೈಡ್ ಪೂರ್ತಿ ಹಿಂದೆ ಹೋಗದಿರುವುದು ಇರಬಹುದು, ಖಾಲಿ ಕೇಸ್ ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯಡಿ ಕೊಳೆ ಇರಬಹುದು. ಇಲ್ಲವೇ ಹಿಡಿತ ಸಡಿಲ. ಮಣಿಕಟ್ಟು ಬಿಗಿ ಇಲ್ಲದಿದ್ದರೆ ಸ್ಲೈಡ್ ಜೊತೆಗೆ ಫ್ರೇಮೂ ಹಿಂದಕ್ಕೆ ಹೋಗುತ್ತದೆ. ಸ್ಲೈಡಿಗೆ ಸಿಗಬೇಕಾದ ಬಲ ಕೈಗೆ ಹೋಗಿಬಿಡುತ್ತದೆ. ಖಾಲಿ ಕೇಸ್‌ಗಳು ಎಲ್ಲಿ ಬೀಳುತ್ತವೆ ನೋಡಿ. ದೂರಕ್ಕೆ ಹಾರದೆ ನಿಮ್ಮ ಕಾಲ ಬುಡದಲ್ಲೇ ಉದುರುತ್ತಿದ್ದರೆ ಬಲ ಸಾಲುತ್ತಿಲ್ಲ ಅಂತ ಅರ್ಥ.

ಟಿಕ್ ಅನ್ನುವುದು ಮಾತ್ರ ಬೇರೆ ವಿಷಯ. ಹಾಗಾದಾಗ ನಳಿಗೆಯನ್ನು ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡಾದರೂ ಕಾಯಿರಿ. ಕೆಲವೊಮ್ಮೆ ತಡವಾಗಿ ಹಾರುವುದುಂಟು. ಆಮೇಲೆ ಆ ತೋಟಾ ತೆಗೆದು ಪ್ರೈಮರ್ (ತೋಟಾ ಬುಡದಲ್ಲಿ ಕಿಡಿ ಕೊಡುವ ಬಿಲ್ಲೆ) ಮೇಲಿನ ಗುಳಿಯ ಫೋಟೋ ಹಾಕಿ. ಪಕ್ಕದಲ್ಲಿ ಸರಿಯಾಗಿ ಹಾರಿದ ಒಂದು ಕೇಸ್ ಇಡಿ. ಇನ್ನೊಂದು, ಟಿಕ್ ಬದಲು ಪುಸ್ಸ್ ಅಂತ ಮೆತ್ತಗೆ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ಪಿಸ್ತೂಲು ಕೈಯಲ್ಲೇ ಒಡೆಯಬಹುದು.

ಬೇ ಏರಿಯಾ ಬಸವ

ಒಂದು ಮಾತು ಸೇರಿಸುತ್ತೇನೆ. ಕಾರು, ಮಿಕ್ಸಿ, ಮಕ್ಕಳ ಆಟಿಕೆ ಕೆಟ್ಟರೆ ಅಮೆರಿಕದಲ್ಲಿ ವಾಪಸ್ ಕರೆಸಲು ಸರ್ಕಾರಿ ಸಂಸ್ಥೆ ಇದೆ. ಬಂದೂಕಿಗೆ ಇಲ್ಲ. ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗದ ಅಧಿಕಾರದಿಂದ ಬಂದೂಕುಗಳನ್ನು ಕಾನೂನೇ ಹೊರಗಿಟ್ಟಿದೆ. ಹಾಗಾಗಿ ಕಂಪನಿ ತಾನಾಗಿ ಕರೆದರೆ ಉಂಟು, ಇಲ್ಲದಿದ್ದರೆ ಕೋರ್ಟಿಗೆ ಹೋಗಬೇಕು. ಸೀರಿಯಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ ರೀಕಾಲ್ ಇದೆಯಾ ಅಂತ ಇವತ್ತೇ ನೋಡಿ.

ಇದು ಅಗ್ಗದ ಪಿಸ್ತೂಲಿಗೆ ಮಾತ್ರ ಬಂದ ತೊಂದರೆ ಅಲ್ಲ. ರೂಗರ್ ಎಲ್‌ಸಿಪಿಯನ್ನು 2008ರಲ್ಲಿ, ಬಂದ ವರ್ಷವೇ, ಬಿದ್ದರೆ ಗುಂಡು ಹಾರಬಹುದು ಅಂತ ವಾಪಸ್ ಕರೆದರು. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ-ಎಸ್ ವಾಪಸ್ ಹೋಯಿತು. ಒಂಬತ್ತು ಟಾರಸ್ ಮಾದರಿಗಳ ಮೇಲಿನ ಮೊಕದ್ದಮೆಯಲ್ಲಿ ಕಂಪನಿ 2015ರಲ್ಲಿ ರಾಜಿಗೆ ಬಂತು, ತಪ್ಪು ಒಪ್ಪಿಕೊಳ್ಳಲಿಲ್ಲ. 2017ರಲ್ಲಿ ಸಿಗ್ ಪಿ320ಕ್ಕೂ ಬೀಳುವಿಕೆಯ ಪ್ರಶ್ನೆ ಎದ್ದು, ಕಂಪನಿ ಉಚಿತವಾಗಿ ಭಾಗ ಬದಲಿಸಿಕೊಡಲು ಶುರುಮಾಡಿತು. ಅದು ಅಗ್ಗದ್ದಲ್ಲವೇ ಅಲ್ಲ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕೆ ಒಪ್ಪಿಗೆಯಾದ ಪಿಸ್ತೂಲುಗಳ ಪಟ್ಟಿಗೆ ಸೇರಲು ಪರೀಕ್ಷೆ ಇದೆ. ಒಂದು ಮಾದರಿಯ ಮೂರು ಪಿಸ್ತೂಲು, ಪ್ರತಿಯೊಂದರಲ್ಲೂ 600 ಸುತ್ತು ಗುಂಡು. ಮೊದಲ 20ರಲ್ಲಿ ಒಂದೂ ಕೈಕೊಡಬಾರದು, ಒಟ್ಟು ಆರಕ್ಕಿಂತ ಜಾಸ್ತಿ ಆಗಬಾರದು. ಅಂದರೆ ಆರು ಸಲ ಕೈಕೊಟ್ಟರೂ ಪಾಸ್! ನೂರಕ್ಕೆ ಒಂದು. ಮಾರಾಟಕ್ಕೆ ಅದು ಸಾಕಿರಬಹುದು, ಹೆಂಡತಿ ಪಕ್ಕದಲ್ಲಿ ನಡೆಯುವಾಗ ನನಗೆ ಅದು ಸಾಲದು.

ಕೇಟಿ ಕಿರಾಣಿ

ಇಬ್ಬರಿಗೂ ಧನ್ಯವಾದ. ರೀಕಾಲ್ ನೋಡಿದೆ, ನಮ್ಮ ಸೀರಿಯಲ್ ಅದರಲ್ಲಿಲ್ಲ. ಹಿಡಿತದ ವಿಷಯ ಪರೀಕ್ಷಿಸಲು ಬೇರೆ ಕೈ ಬೇಕು ಅಂತ ಅನ್ನಿಸುತ್ತಿದೆ. ನನ್ನ ತಮ್ಮ ಡಲ್ಲಾಸ್‌ನಲ್ಲಿ ಎಚ್-1ಬಿ ಮೇಲೆ ಇದ್ದಾನೆ, ಊರಲ್ಲಿ ಎನ್‌ಸಿಸಿ ಮಾಡಿದವನು. ಶನಿವಾರ ಅವನನ್ನು ಕರೆದುಕೊಂಡು ಹೋಗುತ್ತೇನೆ.

ಫೀನಿಕ್ಸ್ ಪುಟ್ಟಕ್ಕ

ಅಣ್ಣಾ, ದಯವಿಟ್ಟು ಬೇಡ! ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ರೇಂಜ್‌ನಲ್ಲಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಅದರೊಳಗೆ ಬರಬಹುದು. ಬೇಟೆ ಲೈಸನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೋಗಬಾರದು. ಅವನ ಗ್ರೀನ್ ಕಾರ್ಡಿಗೇ ಕುತ್ತು ಬರುತ್ತದೆ. ಗ್ರೀನ್ ಕಾರ್ಡ್ ಬಂದವರ ವಿಷಯ ಬೇರೆ. ನಮ್ಮವರು ಎಷ್ಟೋ ಜನ 'ಬಾಡಿಗೆ ಪಿಸ್ತೂಲು ತಾನೇ' ಅಂತ ಗೆಳೆಯರ ಜೊತೆ ಹೋಗಿಬಿಡುತ್ತಾರೆ. ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ, ಬೇಡ.

ರೇಂಜ್‌ನಲ್ಲಿ ಕಲಿಸುವವರ ಕೈಗೇ ಕೊಡಿ, ಒಂದೆರಡು ಮ್ಯಾಗಜೀನ್ ಹಾರಿಸಿ ನೋಡುತ್ತಾರೆ. ಅಂದಹಾಗೆ ಕೇಸ್ ಸಿಕ್ಕಿಕೊಳ್ಳುವುದು ನಿಮ್ಮ ಕೈಯಲ್ಲೋ, ಅತ್ತಿಗೆಯ ಕೈಯಲ್ಲೋ?

ಕೇಟಿ ಕಿರಾಣಿ

ತಮ್ಮನಿಗೆ ಅವತ್ತೇ ಫೋನ್ ಮಾಡಿ ಬೇಡ ಅಂದೆ. ದೊಡ್ಡ ಉಪಕಾರ ಮಾಡಿದಿರಿ ಅಕ್ಕ.

ಶನಿವಾರದ ಲೆಕ್ಕ ಇಲ್ಲಿದೆ. ಮೂತಿ ಕೆಳಗಾದದ್ದೆಲ್ಲ 2ನೇ ಮ್ಯಾಗಜೀನ್‌ನಲ್ಲೇ, ಅದೂ ಕೊನೆಯ ತೋಟಾಗಳಲ್ಲಿ. 1ನೇದರಲ್ಲಿ ಒಂದೂ ಇಲ್ಲ. ಕೇಸ್ ಸಿಕ್ಕಿಕೊಂಡದ್ದು ಹೆಂಡತಿಯ ಕೈಯಲ್ಲಿ ಮಾತ್ರ. ಇನ್‌ಸ್ಟ್ರಕ್ಟರ್ ಹಾರಿಸಿದಾಗ ಅದು ಆಗಲಿಲ್ಲ. ಟಿಕ್ ಮಾತ್ರ ಮೂವರ ಕೈಯಲ್ಲೂ ಆಯಿತು, ಎರಡೂ ಮ್ಯಾಗಜೀನ್‌ನಲ್ಲಿ. ಫೋಟೋ ಹಾಕಿದ್ದೇನೆ. ಎಡಗಡೆಯದು ಹಾರದ್ದು, ಬಲಗಡೆಯದು ಹಾರಿದ್ದು.

ಮಡಿಕೇರಿ ಮೂಲ

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಈಗ ಒಂದೊಂದೂ ಬೇರೆಯಾಯಿತು ನೋಡಿ.

2ನೇ ಮ್ಯಾಗಜೀನ್ ಪಕ್ಕಕ್ಕಿಡಿ. ಕೊನೆಯ ತೋಟಾ ಹೊತ್ತಿಗೆ ಸ್ಪ್ರಿಂಗ್ ಒತ್ತುವ ಬಲ ಅತಿ ಕಡಿಮೆ ಇರುತ್ತದೆ. ಅಲ್ಲಿಯೇ ತೊಂದರೆ ಅಂದರೆ ಸ್ಪ್ರಿಂಗ್ ಅಥವಾ ತೋಟಾಗಳನ್ನು ಮೇಲೆತ್ತುವ ಫಾಲೋವರ್ ಕಾರಣ. ಬಿಚ್ಚಿ, ಒಳಗೆ ಒರೆಸಿ, ಸ್ಪ್ರಿಂಗ್ ತಿರುವುಮುರುವಾಗಿ ಕೂತಿದೆಯಾ ನೋಡಿ. ಸರಿ ಇದ್ದೂ ಹಾಗೇ ಆದರೆ ಕಂಪನಿಯದೇ ಹೊಸ ಮ್ಯಾಗಜೀನ್ ಕೊಳ್ಳಿ. ಬೇರೆಯವರು ಮಾಡಿದ ಅಗ್ಗದ ಮ್ಯಾಗಜೀನ್ ಕ್ಯಾರಿಗೆ ಬೇಡ.

ಫೋಟೋ ಹಿಗ್ಗಿಸಿ ನೋಡಿದೆ. ಬಲಗಡೆಯ ಪ್ರೈಮರ್‌ನಲ್ಲಿ ಗುಳಿ ಆಳವಾಗಿದೆ, ನಡುಮಧ್ಯದಲ್ಲಿದೆ. ಎಡಗಡೆಯದರಲ್ಲಿ ಸುಮ್ನೆ ಉಗುರು ತಾಗಿಸಿದಷ್ಟು ಗುರುತು. ಸ್ಟ್ರೈಕರ್ ಬಂದು ತಾಗಿದೆ, ಆದರೆ ಬಲವಿಲ್ಲ. ಕೊಂಡಮೇಲೆ ಫ್ಯಾಕ್ಟರಿ ಗ್ರೀಸ್ ಒರೆಸಿದ್ದೀರಾ? ಹೊಸ ಪಿಸ್ತೂಲಿಗೆ ತುಕ್ಕು ಹಿಡಿಯದಂತೆ ದಪ್ಪ ಎಣ್ಣೆ ಬಳಿದು ಕಳಿಸುತ್ತಾರೆ. ಅದು ಸ್ಟ್ರೈಕರ್ ಓಡಾಡುವ ತೂತಿನೊಳಗೆ ಸೇರಿದರೆ ಏಟು ಮೆತ್ತಗಾಗುತ್ತದೆ. ಜನ ಎಲ್ಲ ಕಡೆ ಎಣ್ಣೆ ಸುರಿಯುತ್ತಾರೆ, ಅದೂ ಅಲ್ಲಿಗೇ ಇಳಿಯುತ್ತದೆ. ಸ್ಲೈಡ್ ರೈಲ್‌ಗಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈಗೆ ತೆಳುವಾಗಿ ಒಂದು ಒರಸು. ಸ್ಟ್ರೈಕರ್ ತೂತು ಒಣಗಿರಬೇಕು.

ಆ ಭಾಗ ಬಿಚ್ಚುವುದು ನಿಮ್ಮ ಮ್ಯಾನ್ಯುಯಲ್‌ನಲ್ಲಿ ಇಲ್ಲದಿದ್ದರೆ ಬಿಚ್ಚಬೇಡಿ, ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಡಿ. ಒಳಗಿನ ಸ್ಪ್ರಿಂಗ್ ಬದಲಿಸುವ, ಟ್ರಿಗರ್ ಹಗುರ ಮಾಡುವ ವಿಡಿಯೋಗಳನ್ನು ನೋಡಿ ಕೈ ಹಾಕಬೇಡಿ. ಕ್ಯಾರಿ ಪಿಸ್ತೂಲು ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು. ಒಣಗಿಸಿದ ಮೇಲೂ, ಬೇರೆ ಕಂಪನಿಯ ತೋಟಾ ಹಾಕಿದ ಮೇಲೂ ಟಿಕ್ ಬಂದರೆ ಪಿಸ್ತೂಲಿನದೇ ದೋಷ. ಕಂಪನಿಗೆ ಫೋನ್ ಮಾಡಿ, ಅವರು ಕಳಿಸುವ ಲೇಬಲ್ ಅಂಟಿಸಿಯೇ ಕಳಿಸಿ. ರಿಪೇರಿ ಆದದ್ದನ್ನು ನೇರ ನಿಮ್ಮ ಮನೆಗೇ ಕಳಿಸಲು ಕಾನೂನು ಬಿಡುತ್ತದೆ.

ಫೀನಿಕ್ಸ್ ಪುಟ್ಟಕ್ಕ

ಅತ್ತಿಗೆಯ ವಿಷಯ ನಾನು ಹೇಳುತ್ತೇನೆ, ನನ್ನ ಕೈಯೂ ಸಣ್ಣದೇ. 'ನಿನಗೆ ಬಲ ಇಲ್ಲ' ಅಂತ ಅವರಿಗೆ ಹೇಳಬೇಡಿ, ಅದು ಬರೀ ಬಲದ ಮಾತಲ್ಲ. ಬಲಗೈ ಹಿಡಿಯ ತುದಿಯವರೆಗೆ ಎತ್ತರಕ್ಕೆ ಹೋಗಬೇಕು, ಹಿಡಿಯ ಹಿಂಬದಿಯ ಮೇಲ್ತುದಿಗೂ ಹೆಬ್ಬೆರಳಿನ ಪಕ್ಕದ ಮಾಂಸಕ್ಕೂ ನಡುವೆ ಜಾಗ ಉಳಿಯಬಾರದು. ಎಡಗೈ ಬದಿಯಿಂದ ಬಂದು ಖಾಲಿ ಜಾಗ ಪೂರ್ತಿ ತುಂಬಬೇಕು. ಮಣಿಕಟ್ಟು ಮುಂದಕ್ಕೆ ಬೀಗ ಹಾಕಿದ ಹಾಗೆ ನಿಲ್ಲಬೇಕು. ಹೆಬ್ಬೆರಳು ಸ್ಲೈಡ್ ಸ್ಟಾಪ್ ಮೇಲೆ ಒರಗುತ್ತಿದೆಯಾ ಅಂತಲೂ ನೋಡಿ. ಒರಗಿದರೆ ಕೊನೆಯ ಗುಂಡಿನ ಮೇಲೆ ಸ್ಲೈಡ್ ತೆರೆದು ನಿಲ್ಲುವುದೇ ಇಲ್ಲ.

ಹಿಡಿತ ತಿದ್ದಿದ ಮೇಲೂ ಸಿಕ್ಕಿಕೊಂಡರೆ ಅವರಿಗೆ ಸ್ವಲ್ಪ ದೊಡ್ಡ, ತೂಕದ ಪಿಸ್ತೂಲೇ ಸರಿ. ಗಾಬರಿಯಲ್ಲಿ, ಒಂದೇ ಕೈಯಲ್ಲಿ ಹಿಡಿದರೂ ಅದು ಓಡಬೇಕು. ರೇಂಜ್‌ನಲ್ಲಿ ನಿಂತು ನಿಧಾನವಾಗಿ ಹಾರಿಸುವ ಹಿಡಿತ ಆಗ ಇರುವುದಿಲ್ಲ, ಅಲ್ವಾ?

ಕೇಟಿ ಕಿರಾಣಿ

ಗನ್‌ಸ್ಮಿತ್ ತೆಗೆದು ಒರೆಸಿದರು. ಒಳಗೆ ಗ್ರೀಸ್ ಇತ್ತು. ಆದರೂ ಬೇರೆ ಡಬ್ಬಿಯ ತೋಟಾದಲ್ಲಿ ಮತ್ತೆ ಟಿಕ್ ಬಂತು. ಕಂಪನಿಗೆ ಕಳಿಸಿದೆ. ಸ್ಟ್ರೈಕರ್ ಮತ್ತು ಅದರ ಸ್ಪ್ರಿಂಗ್ ಬದಲಿಸಿ ವಾಪಸ್ ಕಳಿಸಿದ್ದಾರೆ, ಕಾಸು ಕೇಳಲಿಲ್ಲ. ಹೊಸ ಮ್ಯಾಗಜೀನೂ ಬಂತು. ಹೆಂಡತಿಗೆ ಹಿಡಿತ ಈಗ ಸರಿ ಬರುತ್ತಿದೆ, ಕೇಸ್ ದೂರ ಹಾರುತ್ತಿವೆ. ಇನ್ನು ಎಷ್ಟು ಸುತ್ತು ಹಾರಿಸಿದರೆ ನಂಬಬಹುದು?

ಮಡಿಕೇರಿ ಮೂಲ

ನಾನು ಕಲಿಸುವವರಿಗೆ ಹೇಳುವ ಲೆಕ್ಕ ಇದು. ಸಾದಾ 115 ಗ್ರೇನ್ (ಗುಂಡಿನ ತೂಕ) ತೋಟಾದಲ್ಲಿ 200 ಸುತ್ತು, ಮಧ್ಯೆ ಒರೆಸದೆ, ಒಂದೂ ಕೈಕೊಡದೆ. ಆಮೇಲೆ ನೀವು ಕ್ಯಾರಿ ಮಾಡುವ, ಮೂತಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್‌ನಲ್ಲೇ ಕನಿಷ್ಠ 50. ಇದು ದುಬಾರಿ, ಗೊತ್ತು. ಆದರೆ ಹಾಲೋ ಪಾಯಿಂಟ್ ಮೂತಿ ಅಗಲ, ಸಾದಾ ತೋಟಾ ಹತ್ತುವ ರ‍್ಯಾಂಪ್ ಅದಕ್ಕೆ ಹೊಂದದೇ ಇರಬಹುದು. ಸಾದಾದಲ್ಲಿ ಸರಿ ಓಡಿತು ಅಂತ ಕ್ಯಾರಿ ತೋಟಾ ತುಂಬಿಕೊಂಡು ಹೋಗಿಬಿಡುವವರೇ ಜಾಸ್ತಿ. ಇಬ್ಬರೂ ಹಾರಿಸಿ, ಎರಡೂ ಮ್ಯಾಗಜೀನ್‌ನಲ್ಲಿ ಹಾರಿಸಿ. ಮಧ್ಯೆ ಒಂದು ಕೈಕೊಟ್ಟರೆ ಕಾರಣ ಹುಡುಕಿ, ಲೆಕ್ಕ ಮೊದಲಿನಿಂದ. ಟಿಕ್ ಇನ್ನೊಮ್ಮೆ ಬಂದರೆ ಆ ಪಿಸ್ತೂಲು ಕ್ಯಾರಿಗೆ ಬೇಡ. ಆಗ ಮಾರುವ ಮಾತು.

ಕ್ಯಾರಿ ಶುರುಮಾಡಿದ ಮೇಲೆ ಇದೊಂದು ನೋಡಿಕೊಳ್ಳಿ. ರಾತ್ರಿ ಮನೆಗೆ ಬಂದು ಖಾಲಿ ಮಾಡಿ, ಬೆಳಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರ್‌ಗೆ ಹಾಕುತ್ತಾ ಹೋದರೆ ಪ್ರತಿ ಸಲವೂ ಅದರ ಮೂತಿ ರ‍್ಯಾಂಪ್‌ಗೆ ಬಡಿಯುತ್ತದೆ. ಗುಂಡು ಕೇಸ್‌ನೊಳಗೆ ಸ್ವಲ್ಪ ಸ್ವಲ್ಪ ಕೂರುತ್ತಾ ಹೋಗುತ್ತದೆ. ಹಾರಿಸಿದಾಗ ಒತ್ತಡ ಜಾಸ್ತಿ ಆಗಿ ಅಪಾಯ. ಡಬ್ಬಿಯಲ್ಲಿರುವ ಹೊಸ ತೋಟಾ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ತೆಗೆದಿಡಿ, ಹಾರಿಸಬೇಡಿ. ಹ್ಯೂಸ್ಟನ್ ಸೆಕೆಗೆ ಬೆವರು, ಬಟ್ಟೆಯ ನೂಲು ಎಲ್ಲ ಒಳಗೆ ಸೇರುತ್ತದೆ. ಗುಂಡು ಹಾರಿಸದಿದ್ದರೂ ತಿಂಗಳಿಗೊಮ್ಮೆ ಖಾಲಿ ಮಾಡಿ ಒರೆಸಿ, ರೈಲ್‌ಗೆ ಒಂದು ಹನಿ ಬಿಡಿ.

ಕೇಟಿ ಕಿರಾಣಿ

ಸರಿ ಸರ್. ಭಾನುವಾರ ಮಧ್ಯಾಹ್ನ ರೇಂಜ್ ಬುಕ್ ಮಾಡಿದೆ, ಇಬ್ಬರಿಗೂ. ಅಲ್ಲಿಯವರೆಗೆ ಪಿಸ್ತೂಲು ಸೇಫ್‌ನಲ್ಲೇ ಇರುತ್ತದೆ. ಪಾರ್ಕಿಂಗ್‌ಗೆ ಎರಡು ದೊಡ್ಡ ಎಲ್‌ಇಡಿ ದೀಪ ಹಾಕಿಸಲು ಕಟ್ಟಡದ ಮಾಲೀಕರು ಒಪ್ಪಿದ್ದಾರೆ. ಕಲೆಕ್ಷನ್ ಈಗ ಹಗಲಲ್ಲೇ ಬ್ಯಾಂಕಿಗೆ ಹೋಗುತ್ತಿದೆ.