ಕೀಮೋ ನಡೆಯುತ್ತಿರುವಾಗ ಮಗುವನ್ನು ರಜೆಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ?

ಕೇಳಿದವರು: ಕೊಪ್ಪಳದ ಒಬ್ಬ ತಾಯಿ

ಮಗಳಿಗೆ ಐದು ವರ್ಷ. ರಕ್ತದ ಕ್ಯಾನ್ಸರ್, ಎಎಲ್‌ಎಲ್. ಚಿಕಿತ್ಸೆ ಬೆಂಗಳೂರಿನಲ್ಲಿ, ಈಗ ಮೇಂಟೆನೆನ್ಸ್‌ಗೆ, ಅಂದರೆ ಮನೆಯಲ್ಲೇ ಹೆಚ್ಚಾಗಿ ಮಾತ್ರೆ ಕೊಡುವ ಕೊನೆಯ ಹಂತಕ್ಕೆ ಬಂದಿದ್ದೇವೆ. ದಸರಾ ರಜೆ ಹತ್ತಿರ ಬಂತು. ದೊಡ್ಡ ಮಗ ಎಲ್ಲಿಗೂ ಹೋಗಿಲ್ಲ ಅಂತ ಮುನಿಸಿಕೊಂಡಿದ್ದಾನೆ, ಅತ್ತೆ ಹುಲಿಗೆಮ್ಮನ ಹರಕೆ ಬಾಕಿ ಇದೆ ಅಂತಾರೆ, ನನಗೆ ಮನೆ ಹೊಸ್ತಿಲು ದಾಟಲೂ ಭಯ. ಡಾಕ್ಟರ್ "ಹೋಗಿ ಬನ್ನಿ, ಹುಷಾರಾಗಿರಿ" ಅಂದರು. ಹುಷಾರು ಅಂದರೆ ಏನು ಮಾಡಬೇಕು? ಹೋಗಿ ಬಂದವರು ಹೇಳಿ.

ರಾಯಚೂರಿನ ಒಬ್ಬ ತಂದೆ

ಅಕ್ಕಾ, ಹೋಗಿ. ಆದರೆ ತಾರೀಖನ್ನು ಶಾಲೆ ಕ್ಯಾಲೆಂಡರ್ ನೋಡಿ ಇಡಬೇಡಿ, ಮಗಳ ರಕ್ತದ ರಿಪೋರ್ಟ್ ನೋಡಿ ಇಡಿ. ಹೊರಡುವ ಒಂದೆರಡು ದಿನ ಮುಂಚೆ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿಸಿ ನಿಮ್ಮ ಡಾಕ್ಟರಿಗೆ ವಾಟ್ಸಾಪ್ ಮಾಡಿ. ಎಎನ್‌ಸಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ, 500ರ ಕೆಳಗಿದ್ದರೆ ಮಾತೇ ಇಲ್ಲ, ಮನೆ. ಅದಕ್ಕೇ ಮೊದಲೇ ರೂಮಿಗೆ ದುಡ್ಡು ಕಟ್ಟುವುದು, ಮಕ್ಕಳ ಮುಂದೆ "ಭಾನುವಾರ ಪಕ್ಕಾ" ಅನ್ನುವುದು ಎರಡೂ ಬೇಡ. ನಾವು ಹಿಂದಿನ ರಾತ್ರಿ ಮಾತ್ರ ಹೇಳುತ್ತಿದ್ದೆವು.

ಸ್ಟಿರಾಯ್ಡ್ ಮಾತ್ರೆ ನಡೆಯುವ ದಿನಗಳನ್ನೂ ಬಿಡಿ. ನಮ್ಮವನು ಆಗ ಗಂಟೆಗೊಮ್ಮೆ ಹಸಿವು ಅಂತಿದ್ದ, ಸಣ್ಣದಕ್ಕೂ ಅಳು, ಯಾರು ಮಾತಾಡಿಸಿದರೂ ಸಿಟ್ಟು. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಇಂಜೆಕ್ಷನ್ ಆದ ಮೇಲೆ ಕಾಲು ನೋವೂ ಇರುತ್ತೆ, ಹಾಗಾಗಿ ಅಂಜನಾದ್ರಿಯ 575 ಮೆಟ್ಟಿಲಿನ ಆಸೆ ಈ ವರ್ಷ ಬೇಡ, ಎತ್ತಿಕೊಂಡು ಹತ್ತುತ್ತೇನೆ ಅನ್ನುವ ಮಾವಂದಿರ ಮಾತು ಕೇಳಬೇಡಿ, ಅರ್ಧಕ್ಕೇ ಏದುಸಿರು ಬಿಡ್ತಾರೆ.

ಕೊಪ್ಪಳದಿಂದ ಹಂಪಿ, ಆನೆಗೊಂದಿ, ಮುನಿರಾಬಾದ್ ಡ್ಯಾಮ್ ಎಲ್ಲಾ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರುವಷ್ಟು ಹತ್ತಿರ. ಮೈಸೂರು ದಸರಾ ಜನಜಂಗುಳಿ, ಅದು ಬೇಡ. ಹಂಪಿಗಾದರೆ ವಾರದ ನಡುವೆ, ಬೆಳಿಗ್ಗೆ ಏಳಕ್ಕೆ ಹೋಗಿ ಹತ್ತರೊಳಗೆ ನೆರಳು ಸೇರಿ. ಮೆಥೊಟ್ರೆಕ್ಸೇಟ್ (ಕೀಮೋ ಔಷಧಿ), ಸೆಪ್ಟ್ರಾನ್ (ಸೋಂಕು ತಡೆಯುವ ಮಾತ್ರೆ) ತಗೊಳ್ಳೋ ಮಕ್ಕಳ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತೆ, ಬಂಡೆಗಳು ಬೇರೆ ಕಾಯ್ದಿರುತ್ತವೆ. ಟೋಪಿ, ತುಂಬು ತೋಳಿನ ಅಂಗಿ ಹಾಕಿ. ಬಾವಲಿ ಇರೋ ಕತ್ತಲೆ ಗುಡಿಗಳ ಒಳಗೆ ಹೋಗಬೇಡಿ, ಕೋತಿಗಳ ಹತ್ತಿರ ಬಾಳೆಹಣ್ಣು ಹಿಡಿದು ನಿಲ್ಲಬೇಡಿ. ಪರಚಿದರೆ ಸುಮ್ನೆ ಇನ್ನೊಂದು ತಲೆನೋವು.

ಈಗ ಮುಖ್ಯದ್ದು. ಥರ್ಮಾಮೀಟರ್ ನಿಮ್ಮ ಕೈಚೀಲದಲ್ಲೇ ಇರಲಿ. 100.4 ಡಿಗ್ರಿ ತೋರಿಸಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯ್ದು ನೋಡೋಣ ಅನ್ನಬೇಡಿ, ತಕ್ಷಣ ಬೆಂಗಳೂರಿಗೆ ಫೋನ್ ಮಾಡಿಕೊಂಡೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಕೊಪ್ಪಳದಲ್ಲಿ ಕಿಮ್ಸ್ ಇದೆ, ನಮ್ಮಲ್ಲಿ ರಿಮ್ಸ್, ಬಳ್ಳಾರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಎಲ್ಲಿಗೆ ಹೋದರೆ ಅಲ್ಲಿಂದ ಯಾವುದು ಹತ್ತಿರ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ. ಇನ್ನೊಂದು, ನಿಮ್ಮ ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ: ಈ ಮಗುವಿಗೆ ಇಂಥ ಕಾಯಿಲೆ, ಇಂಥ ಔಷಧಿ ನಡೀತಿದೆ, ಜ್ವರ ಬಂದರೆ ಕಾಯದೆ ಇದನ್ನು ಕೊಡಿ ಅಂತ. ನಮಗೆ ಒಂದು ಕಡೆ ರಾತ್ರಿ ಡ್ಯೂಟಿ ಡಾಕ್ಟರ್ "ವೈರಲ್ ಜ್ವರ" ಅಂದು ಸಿರಪ್ ಬರೆಯಲು ಹೊರಟಿದ್ದರು, ಆ ಚೀಟಿ ನೋಡಿದ ಮೇಲೆ ರಕ್ತದ ಕಲ್ಚರ್‌ಗೆ (ಸೋಂಕು ಪತ್ತೆಯ ಪರೀಕ್ಷೆ) ರಕ್ತ ತೆಗೆದು ಆಂಟಿಬಯಾಟಿಕ್ ಶುರು ಮಾಡಿದರು. ಫೈಲ್‌ನ ಜೆರಾಕ್ಸ್ ಚೀಲದಲ್ಲಿ, ಫೋಟೋ ಇಬ್ಬರ ಮೊಬೈಲ್‌ನಲ್ಲೂ.

ಬಳ್ಳಾರಿಯ ಒಬ್ಬ ತಾಯಿ

ಅಣ್ಣಾವ್ರು ಹೇಳಿದ್ದೆಲ್ಲಾ ಸರಿ, ಆದರೆ ನನಗೆ ಹಂಪಿ ಜಾಸ್ತಿ ಆಯ್ತು ಅನಿಸುತ್ತೆ. ನಡಿಗೆ, ಧೂಳು, ರಜೆಯ ಜನ. ನಾವು ದರೋಜಿ ಕರಡಿಧಾಮಕ್ಕೆ ಹೋಗಿದ್ದೆವು. ಮಧ್ಯಾಹ್ನ ಊಟ, ಮಾತ್ರೆ, ನಿದ್ದೆ ಮುಗಿಸಿ ಹೊರಟರೆ ಸಾಕು. ಬಂಡೆಗಳ ಮೇಲೆ ಸಿಹಿ ಸವರಿಟ್ಟಿರುತ್ತಾರೆ, ಸಂಜೆ ಕರಡಿಗಳು ಇಳಿದು ಬರುತ್ತವೆ, ದೂರದಿಂದ ಗೋಪುರದಲ್ಲಿ ಕೂತು ನೋಡುವುದು. ಬಯಲು ಗಾಳಿ, ಗದ್ದಲ ಇಲ್ಲ. ಮಗ ಬರುವಾಗ ದಾರಿಯುದ್ದಕ್ಕೂ ಕರಡಿ ಥರ ಕೂಗಿದ.

ಮಗಳಿಗೆ ಪಿಕ್ ಲೈನ್, ಅಂದರೆ ಔಷಧಿ ಕೊಡಲು ತೋಳಿನ ನರಕ್ಕೆ ಹಾಕಿದ ನಳಿಕೆ, ಇನ್ನೂ ಇದೆಯಾ? ಇದ್ದರೆ ಹೊಳೆ, ಈಜುಕೊಳ ಎರಡೂ ಬೇಡ. ಔಷಧಿಗೆಂದೇ ಚರ್ಮದ ಒಳಗೆ ಕೂರಿಸಿದ ಪೋರ್ಟ್ ಆದರೆ ಬೇರೆ ಲೆಕ್ಕ, ಡಾಕ್ಟರನ್ನು ಕೇಳಿ. ಊಟ ಮನೆಯದೇ ಕಟ್ಟಿಕೊಳ್ಳಿ. ಹೊರಗೆ ತಿನ್ನಲೇಬೇಕು ಅಂದರೆ ಕಣ್ಣೆದುರು ಎಣ್ಣೆಯಿಂದ ತೆಗೆದ ಬಿಸಿ ಮಿರ್ಚಿ ಪರವಾಗಿಲ್ಲ, ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಐಸ್ ಬೇಡ.

ದೊಡ್ಡ ಮಗನ ಬಗ್ಗೆ ಯಾರೂ ಹೇಳಲಿಲ್ಲ. ಇಬ್ಬರಿಗೂ ಒಂದೇ ರಜೆ ಆಗಬೇಕು ಅಂತ ಏನಿದೆ? ನಮ್ಮ ಮನೆಯವರು ದೊಡ್ಡವಳನ್ನು ಒಬ್ಬಳನ್ನೇ ಕರೆದುಕೊಂಡು ಗೋಕರ್ಣಕ್ಕೆ ಹೋಗಿ ಬಂದರು. ಸಮುದ್ರದಲ್ಲಿ ಮನಸಾರೆ ಆಡಿದಳು, ತಮ್ಮನಿಗೆ ಹುಷಾರಿಲ್ಲ ಅನ್ನೋ ಮಾತು ಆ ಮೂರು ದಿನ ಇರಲಿಲ್ಲ. ಚಿಕ್ಕವನು ಅತ್ತ, ಹೌದು. ಅತ್ತರೆ ಅಳಲಿ ಬಿಡಿ. ದೊಡ್ಡವರೂ ಮಕ್ಕಳೇ ಅಲ್ವಾ.

ಗಂಗಾವತಿಯಿಂದ, ಇಂಥದ್ದೇ ಒಂದು ಮಗುವಿನ ಸೋದರತ್ತೆ

ಹುಲಿಗೆಮ್ಮನ ಗುಡಿ ಇರೋ ಹುಲಿಗಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ, ಆ ದಿನ ಜನ ಜಾಸ್ತಿ. ಹೊಳೆ ಸ್ನಾನ ದೊಡ್ಡವರು ಮಾಡಿದರೆ ಸಾಕು, ದೇವಿ ಏನೂ ಅನ್ನಲ್ಲ. ಅಲ್ಲಿ ಒಂದು ಅನುಕೂಲ ಇದೆ, ಬೋಳು ತಲೆಯ ಮಗುವನ್ನು ಯಾರೂ ತಿರುಗಿ ನೋಡುವುದಿಲ್ಲ. "ಜಾವಳ ತೆಗೆಸಿದ್ರಾ?" ಅಂತ ಕೇಳ್ತಾರೆ, ಹ್ಞೂಂ ಅಂದು ಮುಂದೆ ಹೋದರಾಯ್ತು. ಮಾಲ್‌ನಲ್ಲಿ ದುರುಗುಟ್ಟಿ ನೋಡೋದಕ್ಕಿಂತ ಇದು ಎಷ್ಟೋ ಮೇಲು.

ನೆಂಟರ ಮನೆಗೆ ಹೋಗುವ ಮುಂಚೆ ನಾಚಿಕೊಳ್ಳದೆ ಫೋನ್ ಮಾಡಿ ಕೇಳಿ, ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು, ಚಿಕನ್ ಪಾಕ್ಸ್ ಇದೆಯಾ ಅಂತ. ಚಿಕನ್ ಪಾಕ್ಸ್ ಇದ್ದ ಮಗುವಿನ ಜೊತೆ ಆಡಿದ್ದು ಆಮೇಲೆ ಗೊತ್ತಾದರೂ ಅವತ್ತೇ ಡಾಕ್ಟರಿಗೆ ಹೇಳಬೇಕು, ಗುಳ್ಳೆ ಏಳಲಿ ಅಂತ ಕಾಯುವಂತಿಲ್ಲ. ರಾತ್ರಿಯ ಕೀಮೋ ಮಾತ್ರೆ ನೀವೇ ಕೊಡಿ, ಪ್ರೀತಿಯಿಂದ "ನಾನು ಅರೆದು ಕೊಡ್ತೀನಿ" ಅನ್ನುವವರ ಬರಿಗೈಗೆ ಕೊಡಬೇಡಿ. ಅದರಲ್ಲೂ ಬಸುರಿ ಹೆಂಗಸರು ಅದನ್ನು ಮುಟ್ಟಲೇಬಾರದು.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಚೀಟಿ ವಿಷಯ ಯಾರೂ ಹೇಳಿರಲಿಲ್ಲ. ಡ್ಯಾಮ್ ಮತ್ತು ಹುಲಿಗಿ ಒಂದೇ ಬೆಳಿಗ್ಗೆ ಮುಗಿಸುತ್ತೇವೆ, ರಿಪೋರ್ಟ್ ಚೆನ್ನಾಗಿದ್ದರೆ. ಮಗನನ್ನು ಅವರ ಅಪ್ಪ ಬೇರೆ ಕರೆದುಕೊಂಡು ಹೋಗ್ತಾರಂತೆ. ರೈಲಿನಲ್ಲಿ ಕ್ಯಾನ್ಸರ್ ರಿಯಾಯಿತಿ ಇದಕ್ಕೆಲ್ಲಾ ಸಿಗುತ್ತಾ?

ಬಳ್ಳಾರಿಯ ತಾಯಿ

ಇಲ್ಲ, ಅದು ಚಿಕಿತ್ಸೆಗೆ, ಚೆಕಪ್‌ಗೆ ಹೋಗಿ ಬರುವುದಕ್ಕೆ ಮಾತ್ರ. ಸ್ಲೀಪರ್, ಥರ್ಡ್ ಎಸಿಯಲ್ಲಿ ಮಗುವಿಗೆ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ 75%. ಫಾರ್ಮ್ ಆಸ್ಪತ್ರೆಯಲ್ಲೇ ಸಹಿ ಮಾಡಿಸಬೇಕು. ನಾವು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಚೆಕಪ್‌ಗೆ ಹೋದಾಗ ರಕ್ತದ ಕೌಂಟ್ ಚೆನ್ನಾಗಿದ್ದರೆ ಮಧ್ಯಾಹ್ನ ಲಾಲ್‌ಬಾಗ್‌ಗೆ ಹೋಗಿ, ರಾತ್ರಿ ರೈಲು ಹತ್ತುತ್ತಿದ್ದೆವು.