ತತ್ವಶಾಸ್ತ್ರ ಓದೋಕೆ ಹೊರಟಿದ್ದೇನೆ, ಓದಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ (ಹಾಸನ ಕಡೆಯ ಹುಡುಗ):
ಎಲ್ಲರಿಗೂ ನಮಸ್ಕಾರ. ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. ಈ ಜೂನ್‌ಗೆ ಗುರುಮಠದಲ್ಲಿ (ಕ್ಯಾಥೋಲಿಕ್ ಫಾದರ್ ಆಗೋಕೆ ಓದುವ ಸೆಮಿನರಿ) ತತ್ವಶಾಸ್ತ್ರಕ್ಕೆ ಸೇರುತ್ತಿದ್ದೇನೆ. ಎರಡು ಭಯ ಇದೆ. ಒಂದು, ಪಾಠ ಎಲ್ಲಾ ಇಂಗ್ಲಿಷ್‌ನಲ್ಲಿ. ಇನ್ನೊಂದು, ನಮ್ಮೂರಿನ ಹಿರಿಯರೊಬ್ಬರು "ಅದನ್ನ ಓದಿದ್ರೆ ದೇವರೇ ಇಲ್ಲ ಅನ್ಸುತ್ತೆ, ಹುಷಾರು" ಅಂದರು. ಅದನ್ನು ಕೇಳಿಸಿಕೊಂಡ ಮೇಲೆ ಅಮ್ಮ ದಿನಾ ಒಂದು ಜಪಸರ ಜಾಸ್ತಿ ಹೇಳುತ್ತಿದ್ದಾಳೆ. ಫಾದರ್ ಆಗುವವನಿಗೆ ಬೈಬಲ್ ಸಾಲದಾ? ಗ್ರೀಕರ ಅರಿಸ್ಟಾಟಲ್ ಯಾಕೆ ಬೇಕು?

ಎರಡನೇ ವರ್ಷದ ಬ್ರದರ್ (ಗುರುಮಠದಲ್ಲಿ ಓದುತ್ತಿರುವವ):
ಇಂಗ್ಲಿಷ್ ವಿಷಯ ನಾನು ಹೇಳ್ತೇನೆ, ನಾನೂ ಕನ್ನಡ ಮಾಧ್ಯಮದವನೇ. ಮೊದಲ ಮೂರ್ನಾಲ್ಕು ತಿಂಗಳು ಕಷ್ಟ, ಸುಳ್ಳು ಹೇಳಲ್ಲ. ಮೆಟಾಫಿಸಿಕ್ಸ್ (‘ಇರೋದು’ ಅಂದರೇನು ಅಂತ ಕೇಳುವ ಪಾಠ) ಕ್ಲಾಸಿನಲ್ಲಿ ಫಾದರ್ ಬೋರ್ಡಿನ ಮೇಲೆ ‘ಸಬ್‌ಸ್ಟೆನ್ಸ್, ಆಕ್ಸಿಡೆಂಟ್’ ಅಂತ ಬರೆದರು. ನಾನು ಯಾವುದೋ ಅಪಘಾತದ ಕಥೆ ಹೇಳ್ತಾರೆ ಅಂತ ಕಾದು ಕೂತೆ. ಗಂಟೆ ಹೊಡೆದರೂ ಅಪಘಾತ ಆಗಲೇ ಇಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಸೀನಿಯರ್ ಒಬ್ಬರು ಬಾಳೆಹಣ್ಣು ತೋರಿಸಿ ಬಿಡಿಸಿ ಹೇಳಿದರು. ಮೊನ್ನೆ ಹಸಿರು ಇತ್ತು, ಇವತ್ತು ಹಳದಿ, ನಾಳೆ ಕಪ್ಪಾಗುತ್ತೆ. ಬಣ್ಣ, ರುಚಿ, ಮೆತ್ತಗಾಗೋದು, ಇವೆಲ್ಲ ಆಕ್ಸಿಡೆಂಟ್. ಇಷ್ಟೆಲ್ಲ ಬದಲಾದರೂ ‘ಅದೇ ಹಣ್ಣು’ ಅಂತೀವಲ್ಲ, ಆ ‘ಅದೇ’ ಅನ್ನೋದು ಸಬ್‌ಸ್ಟೆನ್ಸ್. ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಅವರ ಪದ, ಬಲಗಡೆ ನನ್ನ ಕನ್ನಡದಲ್ಲಿ ಅರ್ಥ, ಕೆಳಗೆ ಒಂದು ಉದಾಹರಣೆ. ನಿಘಂಟಿನ ಅರ್ಥ ಬರೀಬೇಡಿ, ಇಲ್ಲಿ ಪದಗಳಿಗೆ ಬೇರೆಯೇ ಅರ್ಥ ಇರುತ್ತೆ. ಬಾಯಿಪಾಠ ಹೊಡೆದವರು ಓರಲ್ ಪರೀಕ್ಷೆಯಲ್ಲಿ ಸಿಕ್ಕಿಬೀಳ್ತಾರೆ. "ಇನ್ನೊಂದು ಉದಾಹರಣೆ ಕೊಡಿ" ಅಂದರೆ ಮುಗೀತು.

ಫಾದರ್ ಒಬ್ಬರು (ಚಿಕ್ಕಮಗಳೂರು ಕಡೆ):
ಬ್ರದರ್, ಆ ಬಾಳೆಹಣ್ಣನ್ನು ಜೋಪಾನ ಮಾಡಿ. ದೈವಶಾಸ್ತ್ರಕ್ಕೆ ಹೋದಾಗ ಪರಮಪ್ರಸಾದದ ಪಾಠದಲ್ಲಿ (ಪೂಜೆಯಲ್ಲಿ ರೊಟ್ಟಿ ಯೇಸುವಿನ ಶರೀರವಾಗುತ್ತೆ ಅನ್ನೋ ನಮ್ಮ ನಂಬಿಕೆ) ಅದು ತಿರುಗಾ ಬರುತ್ತೆ. ಅಲ್ಲಿ ಎಲ್ಲ ಉಲ್ಟಾ. ರೊಟ್ಟಿಯ ಬಣ್ಣ, ರುಚಿ ಹಾಗೇ ಇರುತ್ತೆ, ಬದಲಾಗೋದು ‘ಅದೇ’ ಅನ್ನೋದು. ಸಂತ ಥಾಮಸ್ ಅಕ್ವಿನಾಸರು ಅದನ್ನು ವಿವರಿಸಿದ್ದು ಅರಿಸ್ಟಾಟಲನ ಈ ಪದಗಳನ್ನೇ ಹಿಡಿದು. "ಯಾಕೆ ಬೇಕು" ಅಂತ ಕೇಳಿದ್ದಕ್ಕೆ ಇದು ಅರ್ಧ ಉತ್ತರ. ಹಾಗಂತ ಬೈಬಲ್ ಬಿಟ್ಟಂತೇನೂ ಅಲ್ಲ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಒಟ್ಟು ಕನಿಷ್ಠ 6 ವರ್ಷದ ಓದು, ಅದರಲ್ಲಿ ತತ್ವಶಾಸ್ತ್ರಕ್ಕೆ 2, ದೈವಶಾಸ್ತ್ರಕ್ಕೆ 4. ತತ್ವಶಾಸ್ತ್ರದಲ್ಲಿ ಡಿಗ್ರಿ ಕೊಡುವ ಕಡೆ, ವ್ಯಾಟಿಕನ್ನಿನ 2011ರ ಆದೇಶದ ಮೇಲೆ, ತತ್ವಶಾಸ್ತ್ರದ ಓದು 3 ವರ್ಷ.

ಇನ್ನು ದೇವರು ಇಲ್ಲ ಅನಿಸುವ ಮಾತು. ನನಗೂ ಅನಿಸಿತ್ತು ತಮ್ಮಾ. ಫಾಯರ್‌ಬಾಖ್ ಓದುವಾಗ. ಮನುಷ್ಯ ತನ್ನ ಒಳ್ಳೇ ಗುಣಗಳನ್ನೇ ಆಕಾಶಕ್ಕೆ ಎತ್ತಿಟ್ಟು ದೇವರು ಅಂತಾನೆ ಅನ್ನೋದು ಆ ಜರ್ಮನ್ ತತ್ವಜ್ಞಾನಿಯ ವಾದ. ಒಂದು ವಾರ ಚಾಪೆಲ್‌ನಲ್ಲಿ ಕೂತರೆ ಗೋಡೆಯ ಜೊತೆ ಮಾತಾಡಿದ ಹಾಗೆ ಆಗುತ್ತಿತ್ತು. ನನ್ನ ಆಧ್ಯಾತ್ಮಿಕ ಗುರುಗಳ ಹತ್ತಿರ ಹೋಗಿ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಎದ್ದು ಕಪಾಟಿನಿಂದ ಅಕ್ವಿನಾಸರ ಪುಸ್ತಕ ತೆಗೆದು, ದೇವರು ಇದ್ದಾನೆ ಅನ್ನೋದಕ್ಕೆ ಐದು ದಾರಿ ಕೊಡುವ ಜಾಗ ತೋರಿಸಿದರು. "ಐದು ದಾರಿ ಆಮೇಲೆ ಓದು, ಮೊದಲು ಏನಿದೆ ನೋಡು" ಅಂದರು. ಅಲ್ಲಿ ಮೊದಲಿಗೇ ದೇವರು ಇಲ್ಲ ಅನ್ನುವ ಎರಡು ವಾದಗಳಿವೆ. ಕೆಡುಕು ಇದೆಯಲ್ಲ, ಹಾಗಾದರೆ ಅಪಾರ ಒಳ್ಳೆಯವನಾದ ದೇವರು ಹೇಗಿದ್ದಾನು ಅನ್ನೋದು ಒಂದು. ದೇವರನ್ನು ತರದೆಯೇ ಎಲ್ಲವನ್ನೂ ವಿವರಿಸಬಹುದಲ್ಲ ಅನ್ನೋದು ಇನ್ನೊಂದು. 13ನೇ ಶತಮಾನದ ಸಂತರು, ಎದುರಾಳಿಗೆ ಮೊದಲು ಕುರ್ಚಿ ಹಾಕಿ ಕೂರಿಸಿ ಆಮೇಲೆ ತಮ್ಮ ಮಾತು ಶುರು ಮಾಡಿದ್ದಾರೆ.

ಎಷ್ಟೋ ವರ್ಷದ ಮೇಲೆ ಒಂದು ಕಾಫಿ ತೋಟದ ಲೈನ್ ಮನೆಗೆ ಹೋಗಬೇಕಾಯಿತು. ಆರು ವರ್ಷದ ಮಗು ಜ್ವರದಲ್ಲಿ ಹೋಗಿತ್ತು. ಅಂಗಳದಲ್ಲಿ ಮಗುವಿನ ಅಪ್ಪ ನನ್ನ ನಿಲುವಂಗಿ ಹಿಡಿದುಕೊಂಡು, "ದೇವರು ಒಳ್ಳೆಯವನು ಅಂದ್ರಲ್ಲ ಫಾದರ್, ಮತ್ತೆ ಇದ್ಯಾಕೆ?" ಅಂದ. ಆ ಮೊದಲನೇ ವಾದ, ಅಕ್ಷರ ತಪ್ಪದೆ. ನಾನು ಐದು ದಾರಿ ಹೇಳಲಿಲ್ಲ, ಬಿಡಿ. ಆದರೆ ಆ ಪ್ರಶ್ನೆಗೆ ಹೆದರಿ "ಹಾಗೆಲ್ಲ ಕೇಳಬಾರದು" ಅನ್ನಲೂ ಇಲ್ಲ. ಪಕ್ಕದಲ್ಲಿ ಕೂತೆ. ಸಂಜೆ ತನಕ ಅವನು ಅದನ್ನೇ ಕೇಳಿದ, ನಾನು ಕೂತೇ ಇದ್ದೆ.

ಮಂಗಳೂರಿನವ:
ಎಲ್ಲರೂ ಗ್ರೀಕರ ಮೇಲೇ ನಿಂತಿದ್ದೀರಲ್ಲ ಮಾರಾಯ್ರೆ, ನಮ್ಮ ದರ್ಶನಗಳೂ ಪಾಠದಲ್ಲಿವೆ. ನನಗೆ ಲಾಜಿಕ್ ತಲೆಗೆ ಹತ್ತಿದ್ದೇ ನ್ಯಾಯ ದರ್ಶನ (ನಮ್ಮ ಹಳೆಯ ತರ್ಕಶಾಸ್ತ್ರ) ಬಂದ ಮೇಲೆ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆ? ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ. ಹಾಗಾಗಿ ಬೆಂಕಿ ಇದೆ. ಐದು ಮೆಟ್ಟಿಲು. ಅರಿಸ್ಟಾಟಲನಿಗೆ ಮೂರೇ ಸಾಕು, ನಮ್ಮವರಿಗೆ ಅಡುಗೆಮನೆಯೂ ಬೇಕು. ಒಲೆ ಊದಿ ಕಣ್ಣು ಕೆಂಪಾದ ಅಮ್ಮನನ್ನು ನೋಡಿ ಬೆಳೆದವನಿಗೆ ಇದನ್ನ ಬಾಯಿಪಾಠ ಮಾಡಬೇಕಾಗಿಲ್ಲ.

ನೀವು ಹಾಸನದವರು, ಶ್ರವಣಬೆಳಗೊಳ ನಿಮ್ಮ ಜಿಲ್ಲೆಯಲ್ಲೇ ಇದೆ. ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ, ಆಮೇಲೆ ಜೈನರ ಸ್ಯಾದ್ವಾದ (ಯಾವ ಮಾತೂ ಒಂದು ದೃಷ್ಟಿಯಿಂದ ಮಾತ್ರ ನಿಜ ಅನ್ನುವ ವಾದ) ಓದಿ. ನಮಗೆ ಉಡುಪಿ ಹತ್ತಿರ, ಮಧ್ವಾಚಾರ್ಯರು ಬರೀ ಪರೀಕ್ಷೆಯ ಹೆಸರಾಗಿ ಉಳಿಯಲಿಲ್ಲ. ಜೀವ ಬೇರೆ, ದೇವರು ಬೇರೆ ಅಂತ ಅವರು ಪಟ್ಟು ಹಿಡಿಯೋದನ್ನ ಓದುವಾಗ, ಅರೆ, ಈ ಮಾತು ನಮಗೂ ಪರಿಚಯದ್ದೇ ಅಲ್ವಾ ಅನಿಸಿತ್ತು. ಪೂರ್ತಿ ಒಂದೇ ಅಲ್ಲ, ಅವಸರದಲ್ಲಿ ಒಂದೇ ಅಂತ ಬರೆದರೆ ಮಾರ್ಕು ಹೋಗುತ್ತೆ. ನನಗೆ ಹೋಗಿದೆ.

ಬಿಟ್ಟು ಬಂದವನು:
ನಾನು ತತ್ವಶಾಸ್ತ್ರ ಮುಗಿಸಿ, ರೀಜೆನ್ಸಿ ವರ್ಷದಲ್ಲಿ (ದೈವಶಾಸ್ತ್ರಕ್ಕೆ ಮೊದಲು ಹೊರಗೆ ಕೆಲಸ ಮಾಡುವ ಅವಧಿ) ಮನೆಗೆ ಬಂದೆ. ಓದಿನಿಂದ ನಂಬಿಕೆ ಹೋಯಿತು ಅಂತ ಊರಲ್ಲಿ ಹೇಳಿದರು. ಅದು ಹಾಗಲ್ಲ. ಪೂಜೆಗೆ ಈಗಲೂ ಹೋಗ್ತೇನೆ. ಈ ಜೀವನ ನನ್ನದಲ್ಲ ಅಂತ ಗೊತ್ತಾಯಿತು, ಅದನ್ನು ನೇರವಾಗಿ ಒಪ್ಪಿಕೊಳ್ಳುವ ಧೈರ್ಯ ಆ ಓದಿನಿಂದ ಬಂತು ಅಷ್ಟೇ.

ಒಂದು ವ್ಯವಹಾರದ ಮಾತು, ಇದನ್ನು ಯಾರೂ ಮೊದಲು ಹೇಳಲ್ಲ. ಗುರುಮಠದ ಡಿಗ್ರಿ ಹೊರಗಿನ ಕೆಲಸಕ್ಕೆ ನಡೆಯುತ್ತಾ ಅಂತ ಸೇರುವಾಗಲೇ ಕೇಳಿಕೊಳ್ಳಿ. ನಾನು ಕೆಲಸಕ್ಕೆ ಹೋದ ಕಡೆ ಸರ್ಟಿಫಿಕೇಟ್ ತಿರುಗಿಸಿ ನೋಡಿ, "ಇದು ಯಾವ ಯೂನಿವರ್ಸಿಟಿ?" ಅಂತ ವಾಪಸ್ ಕೊಟ್ಟರು. ಆಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಕಟ್ಟಿದೆ, ಮೂರು ವರ್ಷ ಹೋಯಿತು. ಜೊತೆಜೊತೆಗೆ ಮಾಡೋಕೆ ರೆಕ್ಟರ್ (ಗುರುಮಠದ ಮುಖ್ಯಸ್ಥರು) ಒಪ್ಪಿದರೆ ಆಗಲೇ ಮಾಡಿಬಿಡಿ. ಮುಂದೆ ಫಾದರ್ ಆಗಿ ಶಾಲೆ ನೋಡಿಕೊಳ್ಳಬೇಕಾದರೂ ಬೇಕಾಗುತ್ತೆ.

ಹಾಸನ ಕಡೆಯ ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಎ ವಿಷಯ ನಾಳೆಯೇ ನಮ್ಮ ಫಾದರ್ ಹತ್ತಿರ ಕೇಳ್ತೇನೆ. ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಕಾಫಿ ತೋಟದ್ದು ಬಂದಾಗ ಸೆರಗಲ್ಲಿ ಮುಖ ಒರೆಸಿಕೊಂಡಳು. ಆ ಒಂದು ಜಪಸರ ಮಾತ್ರ ಬಿಡಲ್ವಂತೆ, ಇನ್ಮೇಲೆ ಆ ಮಗುವಿನ ಅಪ್ಪನಿಗೆ ಹೇಳ್ತಾಳಂತೆ.