ಕಳಲೆ ಪಲ್ಯ ಮತ್ತು ಪಾಂಡಾ ಪುರಾಣ

ಮಳೆಗಾಲದ ಭಾನುವಾರ, ನಮ್ಮ ಮನೆಯಲ್ಲಿ ಕಳಲೆ ಪಲ್ಯ. ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಸಿದ್ದು ನಾನು. ಮಂಜ ಮೂರನೇ ಸಲ ಬಡಿಸಿಕೊಂಡಾಗ ಸವಿತಾ ಅಂದಳು, "ಪಾಂಡಾ ಥರ ತಿಂತಿದ್ದೀಯಲ್ಲೋ."

"ಅದಕ್ಕೆ ಹೋಲಿಸಬೇಡ. ಶುದ್ಧ ಸೋಮಾರಿ ಅದು. ತಿನ್ನೋದು, ಮಲಗೋದು. ಸಂತಾನ ಅಳಿಯದೆ ಇನ್ನೇನಾಗುತ್ತೆ?"

"ಅದರ ಕಷ್ಟ ನಿನಗೇನು ಗೊತ್ತು?" ಅಂದೆ ನಾನು. "ಹೊಟ್ಟೆ ಕರಡಿಯದ್ದು, ಮಾಂಸ ಅರಗಿಸೋಕೆ ಇರೋದು. ತಿನ್ನೋದು ಬರೀ ಬಿದಿರು. ಐದರಲ್ಲೊಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಅದಕ್ಕೇ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಗೀತಾ ಕೂರಬೇಕು."

"ಬಿರಿಯಾನಿ ಹೊಟ್ಟೆ ಇಟ್ಕೊಂಡು ಮಠದ ಪಂಕ್ತೀಲಿ ಕೂತ ಹಾಗಾಯ್ತು!" ಅಂದ ಮಂಜ. ಸ್ವಲ್ಪ ಮೆತ್ತಗಾಗಿದ್ದ, ಆದರೆ ಸೋಲಲಿಲ್ಲ. "ಸರಿ, ಮರಿ ಯಾಕೆ ಹಾಕಲ್ಲ?"

ಹೆಣ್ಣಿಗೆ ಬೆದೆ ಬರೋದು ವರ್ಷಕ್ಕೊಂದೇ ಸಲ, ಗರ್ಭ ಕಟ್ಟೋಕೆ ಸಿಗೋದು ಹೆಚ್ಚೆಂದರೆ ಮೂರು ದಿನ ಅಂತ ನಾನು ಹೇಳಿದೆ. ಹಾಂಗ್‌ಕಾಂಗಿನ ಓಷನ್ ಪಾರ್ಕಲ್ಲಿ ಯಿಂಗ್ ಯಿಂಗ್, ಲೆ ಲೆ ಅಂತ ಒಂದು ಜೋಡಿ. ಹತ್ತು ವರ್ಷ ಪ್ರಯತ್ನಪಟ್ಟರೂ ಅವು ಕೂಡಲೇ ಇಲ್ಲ. 2020ರಲ್ಲಿ ಕೋವಿಡ್ ಬಂದು ಪಾರ್ಕ್ ಮುಚ್ಚಿತು ನೋಡಿ, ಜನ ಇಲ್ಲ, ಗಲಾಟೆ ಇಲ್ಲ, ಏಪ್ರಿಲಲ್ಲಿ ತಾವಾಗೇ ಕೂಡಿದವು.

"ಥೇಟ್ ಕೂಡುಕುಟುಂಬದ ಹೊಸ ಮದುಮಕ್ಕಳು," ಅಂದಳು ಸವಿತಾ. "ಮಕ್ಕಳಾದ್ವಾ?"

"ಆದ್ವು. 2024ರಲ್ಲಿ, ಅವಳಿ."

"ಅಷ್ಟರಲ್ಲಿ ನಮ್ಮತ್ತೆ ಆಗಿದ್ದರೆ ನಲವತ್ತು ದೇವರಿಗೆ ಹರಕೆ ಹೊತ್ತಿರೋರು!"

ಅಷ್ಟೊತ್ತೂ ಸುಮ್ನೆ ತಿನ್ನುತ್ತಿದ್ದ ಸಾಗರದ ರಘು ಈಗ ಬಾಯಿಬಿಟ್ಟ. "ಮರಿ ಕಥೆ ಬಿಡ್ರೋ, ಅದು ಬೋನಿನ ತಾಪತ್ರಯ. ಕಾಡಲ್ಲಿ ಅವು ಚೆನ್ನಾಗೇ ಸಂಸಾರ ಮಾಡ್ತವೆ. ನಮ್ಮ ಕಡೆ ಬಿದಿರು ಹೂ ಬಿಟ್ಟು ಒಣಗುತ್ತಲ್ವಾ, ಚೀನಾದಲ್ಲೂ ಅಷ್ಟೇ. ಹಿಂದೆ ಒಂದು ಬೆಟ್ಟದ ಬಿದಿರು ಸತ್ತರೆ ಪಾಂಡಾ ಪಕ್ಕದ ಬೆಟ್ಟಕ್ಕೆ ಹೋಗ್ತಿತ್ತು. ಆಮೇಲೆ ಮಧ್ಯದಲ್ಲಿ ಹೊಲ, ರಸ್ತೆ, ಊರು ಬಂದವು. ಎಪ್ಪತ್ತರ ದಶಕದಲ್ಲಿ ಮಿನ್ ಬೆಟ್ಟಗಳಲ್ಲಿ ನೂರಕ್ಕೂ ಜಾಸ್ತಿ ಪಾಂಡಾ ಉಪವಾಸ ಸತ್ತವು. ಸೋಮಾರಿ ಅಂತೆ!"

ಮಂಜ ತುತ್ತು ಕೆಳಗಿಟ್ಟ. "ಈಗ?"

"ಪರವಾಗಿಲ್ಲ. ಮರ ಕಡಿಯೋದು ನಿಲ್ಲಿಸಿದರು, ಕಾಡಿಗೆ ಕಾಡು ಸೇರಿಸ್ತಿದ್ದಾರೆ. 2014ರ ಲೆಕ್ಕದಲ್ಲಿ ಕಾಡಲ್ಲೇ 1,864 ಇದ್ದವು."

ಸಮಾಧಾನವಾಗಿ ಮಂಜ ಸೌಟಿಗೆ ಕೈ ಹಾಕಿದ. ಪಾತ್ರೆ ಖಾಲಿ.

"ಪಕ್ಕದ ಬೆಟ್ಟಕ್ಕೆ ಹೋಗಪ್ಪ," ಅಂದಳು ಸವಿತಾ, ರಘುವಿನ ತಟ್ಟೆ ತೋರಿಸಿ. ರಘು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಓಡಿದ.